ಸೈದಾಬಿ ಅಂಟಿಸದೆ ಬಿಟ್ಟ ಮೂಲೆ

ಝಳಕಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಸೊಲ್ಲಾಪುರದ ಕಡೆಯಿಂದ ಬರುವ ಲಾರಿಗಳು ದೀಪ ಆರಿಸಲೋ ಬೇಡವೋ ಎಂಬ ಅನುಮಾನದಲ್ಲೇ ಹೆದ್ದಾರಿಯಲ್ಲಿ ಗುಡುಗುತ್ತ ಹೋಗುತ್ತಿವೆ. ರಸ್ತೆ ಬದಿಯ ತಗಡಿನ ಶೆಡ್ಡಿನ ಮುಂದೆ ಹಳೆಯ ಕಾರುಗಳು ಕನ್ಯೆ ನೋಡಲು ಬರುವವರಿಗೆ ಕಾದಂತೆ ಸಾಲಾಗಿ ನಿಂತಿವೆ. ಅವುಗಳಲ್ಲಿ ಒಂದರ ನಾಲ್ಕೂ ಬಾಗಿಲು ತೆರೆದಿವೆ. ಸೀಟುಗಳು ಕಾರಿನಿಂದ ಇಳಿದು ನೆಲದ ಮೇಲೆ ತಾವೇ ಕುಳಿತುಕೊಂಡಿವೆ. ಒಳಗಿನಿಂದ ಬಿರುಕು ಬಿಟ್ಟ ಎರಡು ಹಿಮ್ಮಡಿಗಳು ಮಾತ್ರ ಹೊರಗೆ ಕಾಣುತ್ತವೆ. ಉಳಿದ ಸೈದಾಬಿ ಕಾರಿನೊಳಗೆ ಬೋರಲಾಗಿ ಮಲಗಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಸೀಟಿನ ಕೆಳಗಿನ ಸಂದಿಯನ್ನು ಕೆರೆಯುತ್ತಿದ್ದಾರೆ.

ಕೆರೆತ ನಿಲ್ಲುತ್ತದೆ. ಕೈಯೊಂದು ಹೊರಬರುತ್ತದೆ. ಬೆರಳುಗಳ ನಡುವೆ ಮಣ್ಣು ಮೆತ್ತಿದ ಒಂದು ಝುಮಕಿ.

"ಒಂದ ಕಿವೀದು ಇಲ್ಲೈತಿ ನೋಡ್ರಿ. ಇನ್ನೊಂದು ಕಿವೀದು ಅವರ ಮನ್ಯಾಗ ಡಬ್ಬ್ಯಾಗ ಇರತೈತಿ. ಆಕಿ ಇನ್ನಾ ಇದನ್ನ ಹುಡಕಾಕತ್ತಿರಬೇಕ, ಪಾಪ."

ಝುಮಕಿಯನ್ನು ಸೆರಗಿನಲ್ಲಿ ಒರೆಸಿ, ಮಾರಿದವರು ಕಾಗದಪತ್ರಕ್ಕೆ ಬಂದಾಗ ಕೊಡಲೆಂದು ಶೆಡ್ಡಿನ ಮೊಳೆಗೆ ಸಿಕ್ಕಿಸುತ್ತಾರೆ. ಆ ಮೊಳೆಯಲ್ಲಿ ಆಗಲೇ ಒಂದು ಮಗುವಿನ ಉಡದಾರ, ಒಂದು ಕನ್ನಡಕ, ಯಾರದೋ ಮನೆಯ ಬೀಗದ ಕೈ ತೂಗಾಡುತ್ತಿವೆ.

ಇದು ಜುಲ್ಫಿಕರನ ಆಟೋ ಕನ್ಸಲ್ಟಂಟ್ ಅಂಗಡಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹಳೆಯ ಗಾಡಿಗಳು ಇಲ್ಲಿಗೆ ಬಂದು, ತೊಳೆಸಿಕೊಂಡು, ಹೊಸ ಮನೆ ಸೇರುತ್ತವೆ. ಬೋರ್ಡಿನ ಮೇಲೆ ಜುಲ್ಫಿಕರನ ನಗುಮುಖವಿದೆ, ಕೂಲಿಂಗ್ ಗ್ಲಾಸೂ ಇದೆ. ಸೈದಾಬಿಯ ಹೆಸರಿಲ್ಲ. ಫೋನ್ ನಂಬರೂ ಇಲ್ಲ, ಯಾಕೆಂದರೆ ಅವರ ಫೋನು ಸದಾ ಗಂಡನ ಕಿಸೆಯಲ್ಲಿರುತ್ತದೆ. ಗಾಡಿಗೆ ಸೆಕೆಂಡ್ ಹ್ಯಾಂಡ್ ಎಂದು ಹೆಸರೇನೋ ಇದೆ. ಆದರೆ ಮಾರಾಟಕ್ಕೆ ಮೊದಲು ಅದಕ್ಕೆ ಕಟ್ಟಕಡೆಯ ಹ್ಯಾಂಡ್ ಹಾಕುವವರು ಈ ಅರವತ್ತರ ಆಸುಪಾಸಿನ ಹೆಂಗಸು.

ದಿನಕ್ಕೆ ಎರಡು ಗಾಡಿ. ಮದುವೆ ಹಂಗಾಮಿನಲ್ಲಿ ಮೂರು. ಒಂದೊಂದಕ್ಕೂ ಟ್ಯಾಂಕರಿನ ನೀರು ಎಂಟು ಹತ್ತು ಬಕೆಟ್. ಮೊದಲು ಸೀಟು ಇಳಿಸಬೇಕು, ಮ್ಯಾಟ್ ಕಿತ್ತು ಬಡಿಯಬೇಕು, ಕೆಳಗಿನ ತಗಡು ಒರೆಸಬೇಕು. ಕೊನೆಗೆ ಸೊಲ್ಯೂಷನ್ ಹಚ್ಚಿ ಮ್ಯಾಟಿನ ನಾಲ್ಕೂ ಮೂಲೆ ಅಂಟಿಸಬೇಕು. ಸೋಪಿನ ನೀರಿಗೆ ಬೆರಳಿನ ಸಂದುಗಳು ಬಿರಿದಿವೆ. ಮಂಡಿಯ ನೋವಿಗೆ ಅವರು 'ಸವತಿ' ಎಂದು ಹೆಸರಿಟ್ಟಿದ್ದಾರೆ; ಹೇಳದೆ ಬರುತ್ತಾಳೆ, ಹೋಗೆಂದರೂ ಹೋಗುವುದಿಲ್ಲ ಎಂಬುದು ವಿವರಣೆ.

ಗಾಡಿ ಯಾವ ಊರಿನದೆಂದು ಅವರಿಗೆ ನಂಬರ್ ಪ್ಲೇಟ್ ಹೇಳಬೇಕಿಲ್ಲ. ಸಿಂದಗಿ ಕಡೆಯದಾದರೆ ಸೀಟಿನ ಹೊಲಿಗೆಯಲ್ಲಿ ಹತ್ತಿಯ ಎಳೆ, ಮುದ್ದೇಬಿಹಾಳದ್ದಾದರೆ ತೊಗರಿ ಹೊಟ್ಟು, ಬಾಗೇವಾಡಿಯದ್ದಾದರೆ ಉಳ್ಳಾಗಡ್ಡಿ ಸಿಪ್ಪೆ. ಇಂಡಿಯ ಗಾಡಿ ಬಾಗಿಲು ತೆಗೆಯುವ ಮೊದಲೇ ನಿಂಬೆಯ ವಾಸನೆ ಬೀರಿ ಸಲಾಂ ಹೊಡೆಯುತ್ತದೆ. ಸಂಜೆ ಮನೆಗೆ ಹೋದಾಗ ಇದೆಲ್ಲವನ್ನೂ ಗಂಡ ಮೋದಿನಸಾಬರಿಗೆ ಒಪ್ಪಿಸಬೇಕು. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಗಿದೆ. ಕಾಣದ ಗಾಡಿಯನ್ನು ಹೆಂಡತಿಯ ಬಾಯಿಂದಲೇ ನೋಡುವುದು ಅವರ ರೂಢಿ.

ಒಂದು ಕಾಲದಲ್ಲಿ ಇಂಡಿಯಿಂದ ಅಗರಖೇಡಕ್ಕೆ ಹೋಗುವ ಜೀಪಿನ ಸ್ಟೇರಿಂಗ್ ಮೋದಿನಸಾಬರ ಕೈಯಲ್ಲಿತ್ತು. ಈಗಲೂ ಕೇಳಿದರೆ ಸಾಕು, ಹೊರಸಿನ ಮೇಲೆ ಕೂತಲ್ಲೇ ಜೀಪು ಚಾಲೂ ಮಾಡುತ್ತಾರೆ. ಮೊದಲು ಚಳಿಗೆ ಕೆಮ್ಮುವ ಮುದುಕನ ಸದ್ದು, ಆಮೇಲೆ ಗಂಟಲಲ್ಲಿ ಗುರ್ರ್, ಗಲ್ಲ ಉಬ್ಬಿಸಿ ಹಾರ್ನು, ಕೊನೆಗೆ ಮೂಗಿನಿಂದ ಕ್ಲೀನರನ ಕೂಗು: ಅಗರಖೇಡ, ಅಗರಖೇಡ, ಹತ್ತೋರ್ ಹತ್ರಿ, ಹತ್ತದವ್ರು ನಕ್ಕೋಂತ ನಿಂದರ್ರಿ. ಓಣಿಯ ನಾಯಿ ಎದ್ದು ದಾರಿ ಬಿಡುತ್ತದೆ.

ಆ ಜೀಪನ್ನು ನಸುಕಿನಲ್ಲಿ ತೊಳೆಯುತ್ತಿದ್ದುದು ಸೈದಾಬಿ. ಆಗ ಗಾಡಿ ಎಂದರೆ ಒಬ್ಬರದಲ್ಲ, ಊರಿನದು. ಮುಂದಿನ ಸೀಟು ಬಸುರಿಗೆ ಇಲ್ಲವೆ ಮದುಮಗಳಿಗೆ ಮೀಸಲು. ನಿಂಬೆಯ ಚೀಲ ಮೇಲೆ, ಕುರಿಮರಿ ಕಾಲಡಿಗೆ, ಕೂಸು ಯಾರ ತೊಡೆ ಖಾಲಿಯಿದೆಯೋ ಅವರ ತೊಡೆಗೆ. ಇಳಿಯುವಾಗ ಕೂಸನ್ನು ಮರೆತು ಚೀಲ ಮಾತ್ರ ಇಳಿಸಿಕೊಂಡ ತಾಯಿಯೂ ಇದ್ದಳಂತೆ. ಮೋದಿನಸಾಬರು ಕೂಸನ್ನು ಮನೆಗೆ ತಂದರು, ಸೈದಾಬಿ ಹಾಲು ಕುಡಿಸಿದರು, ಮುಂದಿನ ಟ್ರಿಪ್ಪಿಗೆ ಜೀಪಿನಲ್ಲೇ ವಾಪಸ್ ಕಳಿಸಿದರು.

"ಆವಾಗ ಒಂದ ಗಾಡ್ಯಾಗ ಇಪ್ಪತ್ತು ಮನೀ ಮಂದಿ. ಈಗ ಒಂದ ಮನ್ಯಾಗ ನಾಕ ಮಂದಿ, ಅವರಿಗೊಂದು ಗಾಡಿ. ಕೆಟ್ಟಂತ ಅನ್ನೂದಿಲ್ಲ ಬಿಡ್ರಿ. ಆದ್ರ ಆವಾಗ ಗಾಡಿ ಕೆಟ್ರ ಇಪ್ಪತ್ತು ಮಂದಿ ಇಳದು ನೂಕತಿದ್ರು. ಈಗ ನೂಕಾಕ ಯಾರದಾರ?"

ಜೀಪು ಗುಜರಿಗೆ ಹೋಯಿತು, ಗಂಡನ ಕಣ್ಣು ಮಂಜಾಯಿತು, ಸೈದಾಬಿ ಬಕೆಟ್ ಹಿಡಿದು ಝಳಕಿಗೆ ಬಂದರು. ಬಂದವರಿಗೆ ಸಣ್ಣದೊಂದು ಪೇಚು ಕಾದಿತ್ತು. ಗಾಡಿಯ ಗುಟ್ಟು ಎಲ್ಲ ಇರುವುದು ಮ್ಯಾಟಿನ ಕೆಳಗೆ. ಅದನ್ನು ಮೊದಲು ನೋಡುವವರು, ಮುಚ್ಚುವವರು ಎರಡೂ ಅವರೇ. ಹೇಳಿದರೆ ಅನ್ನ ಕೊಟ್ಟ ಅಂಗಡಿಗೆ ಹೊಡೆತ. ಹೇಳದಿದ್ದರೆ ರಾತ್ರಿ ನಿದ್ದೆಗೆ ಹೊಡೆತ.

ಅವರು ಕಂಡುಕೊಂಡ ಉಪಾಯ ಯಾವ ಅಂಗಡಿಯಲ್ಲೂ ಸಿಗುವಂಥದ್ದಲ್ಲ. ತಮ್ಮ ಮೊಮ್ಮಕ್ಕಳನ್ನು ಕೂರಿಸಲು ಮನಸ್ಸೊಪ್ಪದ ಗಾಡಿಯಾದರೆ, ಮ್ಯಾಟಿನ ಮೂರು ಮೂಲೆಗೆ ಮಾತ್ರ ಸೊಲ್ಯೂಷನ್ ಹಚ್ಚುವುದು. ಎಡಗಡೆ ಹಿಂದಿನ ಮೂಲೆಯನ್ನು ಹಾಗೇ ಬಿಡುವುದು.

"ಸುಳ್ಳೂ ಹೇಳಿಲ್ಲ, ಖರೇನೂ ಹೇಳಿಲ್ಲ. ಎತ್ತಿ ನೋಡಾವ್ರು ನೋಡ್ತಾರ ಅಂತ ಬಿಟ್ಟಿದ್ದೆ."

ಆದರೆ ಯಾರೂ ಎತ್ತಲಿಲ್ಲ. ಕೊಳ್ಳಲು ಬಂದವರು ಟೈರಿಗೆ ಒದೆಯುತ್ತಾರೆ, ಹಾರ್ನು ಬಾರಿಸುತ್ತಾರೆ, ಬಾನೆಟ್ ಎತ್ತಿಸಿ ಎಲ್ಲ ತಿಳಿದವರಂತೆ "ಹೂಂ" ಎನ್ನುತ್ತಾರೆ. ಕಾಲ ಕೆಳಗೆ ನೋಡುವವರಿಲ್ಲ. ಹಾಗೆ ಹೋದ ಗಾಡಿಗಳ ನೆನಪಾದರೆ ಸೈದಾಬಿ ಒದ್ದೆ ಬಟ್ಟೆಯನ್ನು ಬಿಗಿಯಾಗಿ ಹಿಂಡತೊಡಗುತ್ತಾರೆ.

ಕಳೆದ ತಿಂಗಳು ಬಂದವರು ಅಮಿತ ಮತ್ತು ಸುನೀತಾ. ಇಂಡಿಯವರು. ಅಮಿತನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ, ಸುನೀತಾ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಅವಳ ತೋಳಿನಲ್ಲಿ ಮೂರು ತಿಂಗಳ ಮಗಳು ಭಾಗ್ಯ, ಎರಡೂ ಕಾಲಿಗೆ ತೊಡೆಯವರೆಗೂ ಪ್ಲಾಸ್ಟರ್. ಹುಟ್ಟುವಾಗಲೇ ಪಾದಗಳು ಒಳಕ್ಕೆ ತಿರುಗಿದ್ದವು. ವಾರಕ್ಕೊಮ್ಮೆ ವಿಜಯಪುರದ ಆಸ್ಪತ್ರೆಗೆ ಹೋಗಿ ಪ್ಲಾಸ್ಟರ್ ಬದಲಿಸಬೇಕು. ಪ್ರತಿ ಸಲವೂ ಪಾದ ಒಂದಿಷ್ಟು ನೇರವಾಗುತ್ತದೆ. ಬೈಕಿನಲ್ಲಿ ಒಯ್ದಾಗ ಮಳೆಗೆ ಸಿಕ್ಕಿ ಪ್ಲಾಸ್ಟರ್ ನೆನೆದು ಜಾರಿತ್ತು. ಹಾಗಾದರೆ ನೇರವಾಗುತ್ತಿರುವ ಪಾದ ಮತ್ತೆ ಹಳೆಯ ದಾರಿಗೇ ಹೋಗುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಬಸ್ಸಿನ ನೂಕಾಟದಲ್ಲಿ ಆ ಕಾಲುಗಳನ್ನು ಕಾಯುವುದು ಇನ್ನೂ ಕಷ್ಟ. ಬೈಕು ಮಾರಿ, ಸುನೀತಾಳ ಬಂಗಾರ ಬಿಚ್ಚಿ ಹೊಂದಿಸಿಕೊಂಡು ಬಂದಿದ್ದರು. ಅವರಿಗೆ ಸಾಧ್ಯವಿದ್ದದ್ದು ಒಂದೇ ಗಾಡಿ, ಒಂದೇ ಸಲ. ತಪ್ಪು ಆರಿಸಿದರೆ ಇನ್ನೊಂದಕ್ಕೆ ದಾರಿಯಿರಲಿಲ್ಲ.

ಸಾಲಿನ ಮುಂಚೂಣಿಯಲ್ಲಿ ಕೆಂಪು ಗಾಡಿಯೊಂದು ಮಿಂಚುತ್ತಿತ್ತು. ಜುಲ್ಫಿಕರ ಅದರ ಬಾಗಿಲನ್ನು ಗಂಧದ ಪೆಟ್ಟಿಗೆಯಂತೆ ತೆರೆದ. ಇದು ಗಾಡಿ ಅಲ್ರೀ ಸಾಹೇಬ್ರ, ಮದುಮಗಳು. ಒಬ್ಬರ ಕೈಯಾಗ ಇದ್ದಿದ್ದು, ಬರೇ ಮನಿ ಮುಂದ ನಿಂತಿದ್ದು. ಹಾಡು ಹಚ್ಚಿದ್ರ ವಿಜಯಪುರ ಬಂದಿದ್ದು ಗೊತ್ತಾಗೂದಿಲ್ಲ. ಜುಲ್ಫಿಕರ ಕೆಟ್ಟವನಲ್ಲ, ಬಾಯಿಗೆ ಬ್ರೇಕ್ ಇಲ್ಲದವನು. ಅಮಿತ ಸ್ಟೇರಿಂಗ್ ಪಕ್ಕದ ಟಚ್ ಪರದೆ ಒತ್ತಿದ, ಹಾಡು ಬಂತು, ಮುಖ ಅರಳಿತು. ಹೆಂಡತಿಯ ಕೊರಳು ಬರಿದಾಗಿರುವಾಗ ಗಾಡಿಯಾದರೂ ಚೆಂದ ಕಾಣಲಿ ಎಂದು ಅವನಿಗೆ ಅನ್ನಿಸಿದ್ದರೆ ತಪ್ಪೆನ್ನುವಂತಿಲ್ಲ.

ಮ್ಯಾಟ್ ಬಡಿಯುತ್ತಿದ್ದ ಸೈದಾಬಿಗೆ ಆ ಗಾಡಿಯ ಹೊಟ್ಟೆಯೊಳಗಿನದೆಲ್ಲ ಗೊತ್ತಿತ್ತು. ಅದನ್ನಿಟ್ಟುಕೊಂಡಿದ್ದ ಮನುಷ್ಯ ಹಿಂದಿನ ಸೀಟು ಮಡಚಿ ನಿಂಬೆಯ ಚೀಲ ಹೇರಿ ಮಾರುಕಟ್ಟೆಗೆ ಒಯ್ಯುತ್ತಿದ್ದ. ಒಡೆದ ಹಣ್ಣಿನ ರಸ ವರ್ಷಗಟ್ಟಲೆ ಮ್ಯಾಟಿನ ಕೆಳಗೆ ಇಳಿದು ತಗಡನ್ನು ತಿಂದಿತ್ತು. ಜುಲ್ಫಿಕರನಿಗೆ ಅವರು ಅದನ್ನು ತೋರಿಸಿಯೂ ಇದ್ದರು. ಹೊಸ ಮ್ಯಾಟ್ ಹಾಕಿಬಿಡಿ ಎಂದಿದ್ದ ಅವನು. ಸೈದಾಬಿ ಹಾಕಿದರು, ಎಡಗಡೆಯ ಮೂಲೆ ಬಿಟ್ಟು.

ಸುನೀತಾ ಕೂಸಿನೊಂದಿಗೆ ಹಿಂದಿನ ಸೀಟಿಗೆ ಹತ್ತಿದಳು. ಸೈದಾಬಿಯ ಬಡಿಗೆ ನಿಂತಿತು. ಕೂಸಿನ ಟವೆಲ್ ಜಾರಿ ಬಿತ್ತು. ಸುನೀತಾ ಬಗ್ಗಿ ಎತ್ತಿಕೊಂಡಳು. ಬೆರಳು ಮೂಲೆಗೆ ತಾಗಿತು, ಆದರೆ ಅವಳು ನೋಡಲಿಲ್ಲ. ಆಮೇಲೆ ಅದೇ ಮೂಲೆಯ ಮೇಲೆ ಕಾಲಿಟ್ಟು ಭದ್ರವಾಗಿ ಕುಳಿತಳು. ಇತ್ತ ಅಮಿತನ ಕೈ ಮುಂಗಡ ಕೊಡಲು ಕಿಸೆಗೆ ಹೋಯಿತು.

"ಯವ್ವಾ," ಎಂದರು ಸೈದಾಬಿ, "ಕಾಲ ತಗದು ಆ ಮೂಲಿ ಒಂದೀಟು ಎತ್ತಿ ನೋಡು."

ಸುನೀತಾ ಎತ್ತಿದಳು. ಅಂಗೈಯಗಲದ ತೂತಿನಲ್ಲಿ ಅಂಗಡಿಯ ಅಂಗಳದ ಜಲ್ಲಿಕಲ್ಲು ಕಂಡಿತು. ಸುತ್ತಲಿನ ತಗಡು ಹಪ್ಪಳವಾಗಿತ್ತು. ದಾರಿಯ ಧೂಳು, ಹೊಗೆ, ಮಳೆಯ ನೀರು ಎಲ್ಲಕ್ಕೂ ಅಲ್ಲಿಂದಲೇ ಬಾಗಿಲು. ಹಾಡು ಮಾತ್ರ ಇನ್ನೂ ನಡೆಯುತ್ತಲೇ ಇತ್ತು. ಅಮಿತ ಕೈ ಚಾಚಿ ಅದನ್ನು ಆರಿಸಿದ.

"ಖಾಲಾ," ಎಂದ ಜುಲ್ಫಿಕರ, ಅವರನ್ನು ಅಲ್ಲಿಂದ ಸಾಗಹಾಕುವಂತೆ ಬಹಳ ಮೆತ್ತಗೆ, "ನಿಮ್ಮದು ಚಹಾ ಆತೇನು?"

"ಬ್ಯಾಡ. ಹೊಟ್ಟಿ ತುಂಬೇತಿ," ಎಂದರು ಸೈದಾಬಿ.

ಕೆಲಸ ಹೋಯಿತೆಂದೇ ಆ ಹೊತ್ತಿಗೆ ಅವರು ತಿಳಿದಿದ್ದರು. ಹೋಗುವುದು ಹೇಗೂ ಹೋಯಿತು, ಅರ್ಧಕ್ಕೆ ಯಾಕೆ ನಿಲ್ಲಬೇಕು ಎಂದು ಬಡಿಗೆ ಕೆಳಗಿಟ್ಟು ಸಾಲಿನ ಕೊನೆಗೆ ನಡೆದರು. ಅಲ್ಲಿ ಬೂದಿ ಬಣ್ಣದ, ಪೆಟ್ಟಿಗೆಯಂಥ ಗಾಡಿಯೊಂದು ಯಾರ ಕಣ್ಣಿಗೂ ಬೀಳದೆ ನಿಂತಿತ್ತು. ಪರದೆಯಿಲ್ಲ, ಪಾಲಿಶ್ ಇಲ್ಲ. ಬಾಗೇವಾಡಿಯ ಮಾಸ್ತರರ ಮನೆಯದು. ಅದರ ಸೀಟಿನ ಕೆಳಗೆ ಸಿಕ್ಕಿದ್ದು ಬಿಸ್ಕತ್ತಿನ ಪುಡಿ, ಬಣ್ಣದ ಪೆನ್ಸಿಲು, ಬಿದ್ದ ಒಂದು ಹಾಲುಹಲ್ಲು. ತಗಡು ಮಾತ್ರ ತಾಟಿನಂತೆ ಗಟ್ಟಿ. ಅದರ ನಾಲ್ಕೂ ಮೂಲೆ ಅವರು ಅಂಟಿಸಿದ್ದರು.

"ಇದು ಚೆಲಿವಿ ಅಲ್ಲವ್ವ, ಸಂಸಾರಸ್ಥಿ. ಇದರಾಗ ಒಂದು ಕೂಸು ಆಗಲೇ ಬೆಳದು ಹೋಗೈತಿ."

ಬಾಗಿಲು ಅಗಲವಾಗಿ ತೆರೆಯಿತು. ಪ್ಲಾಸ್ಟರಿನ ಕಾಲು ಎಲ್ಲಿಯೂ ತಾಗದಂತೆ ಕೂಸನ್ನು ಸೀಟಿನ ಮೇಲೆ ಮಲಗಿಸಿದರು. ಕೆಳಗೆ ಉರುಳದಂತೆ ಪಕ್ಕದಲ್ಲಿ ಸುನೀತಾ ಕುಳಿತಳು. ಅಮಿತ ಹೆದ್ದಾರಿ ಬಿಟ್ಟು ಇಂಡಿ ರಸ್ತೆಯ ಹಂಪುಗಳ ಮೇಲೆ ಹೋಗಿ ಬಂದ. ಮರಳಿ ಬಂದಾಗ ಜುಲ್ಫಿಕರನೂ ಸೈದಾಬಿಯೂ ರಸ್ತೆಯನ್ನೇ ನೋಡುತ್ತ ನಿಂತಿದ್ದರು. ಗಾಡಿ ನಿಂತಿತು. ಸುನೀತಾ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಕೂಸು ನಿದ್ದೆ ಹೋಗಿತ್ತು.

ಬೂದಿ ಗಾಡಿ ಅಂದೇ ಇಂಡಿಗೆ ಹೋಯಿತು. ಎರಡು ದಿನ ಜುಲ್ಫಿಕರ ಸೈದಾಬಿಯೊಡನೆ ಮಾತಾಡಲಿಲ್ಲ, ಆದರೆ ಬರಬೇಡಿ ಎಂದೂ ಹೇಳಲಿಲ್ಲ. ಮೂರನೆಯ ದಿನ ಕೆಂಪು ಗಾಡಿಯನ್ನು ವೆಲ್ಡಿಂಗಿಗೆ ಕಳಿಸಿದ. ಇನ್ನು ಮುಂದೆ ನಾಲ್ಕೂ ಮೂಲೆ ಅಂಟಿಸಬೇಕೆಂದು ಹುಕುಂ ಮಾಡಿದ. ಈಗ ಆ ಮಾತು ಎತ್ತಿದರೆ ತಲೆ ಕೆರೆದುಕೊಳ್ಳುತ್ತಾನೆ. ಇಂಡಿಯಲ್ಲಿ ಸುದ್ದಿ ಹರಡಿ, ಬಂದ ಗಿರಾಕಿಗಳು ತನಗೆ ಸಲಾಂ ಹೇಳಿ ಸೀದಾ ಬಕೆಟ್ ಇರುವಲ್ಲಿಗೇ ಹೋಗುತ್ತಾರೆ ಎಂಬುದು ಅವನ ದೂರು. ಗಿರಾಕಿಗಳು ಮೊದಲಿಗಿಂತ ಹೆಚ್ಚಿದ್ದಾರೆ ಎಂಬುದನ್ನು ಮಾತ್ರ ನಗುತ್ತ ನುಂಗಿಕೊಳ್ಳುತ್ತಾನೆ.

ಹುಕುಂ ಬಗ್ಗೆ ಸೈದಾಬಿಗೆ ತಕರಾರಿಲ್ಲ. "ಅಂಟಸ್ತೇನಿ. ನಾಕೂ ಮೂಲಿ ಅಂಟಸ್ತೇನಿ. ನನ್ನ ಬಾಯಿಗೇನ್ ಸೊಲ್ಯೂಷನ್ ಹಚ್ಚಿಲ್ಲಲ್ಲ."

ಇದನ್ನು ಕೇಳಿ ಮನೆಯಲ್ಲಿ ಮೋದಿನಸಾಬರು ನಕ್ಕದ್ದು ಓಣಿಗೆಲ್ಲ ಕೇಳಿಸಿತಂತೆ. ಬಾಯಿಗೆ ಸೊಲ್ಯೂಷನ್ ಹಚ್ಚುವ ಧೈರ್ಯ ತನಗೇ ಇಷ್ಟು ವರ್ಷ ಬಂದಿಲ್ಲ, ಆ ಹುಡುಗನಿಗೆ ಎಲ್ಲಿಂದ ಬರಬೇಕು ಎಂದರಂತೆ.

ಬಿಸಿಲು ಏರಿದೆ. ಒಣಗಿದ ಸೀಟುಗಳನ್ನು ಸೈದಾಬಿ ಒಳಗೆ ಸಾಗಿಸುತ್ತಿದ್ದಾರೆ. ವಾರಕ್ಕೊಮ್ಮೆ ಬೂದಿ ಗಾಡಿ ಈ ಹೆದ್ದಾರಿಯಲ್ಲೇ ವಿಜಯಪುರಕ್ಕೆ ಹಾಯುತ್ತದೆ. ಕೂಸಿನ ಒಂದು ಪಾದ ಹೆಚ್ಚುಕಡಿಮೆ ನೇರವಾಗಿದೆಯಂತೆ, ಇನ್ನೊಂದು ಹಟ ಮಾಡುತ್ತಿದೆ. ಪ್ಲಾಸ್ಟರ್ ಮುಗಿದ ಮೇಲೆ ವರ್ಷಗಟ್ಟಲೆ ರಾತ್ರಿ ಹೊತ್ತು ಕಾಲಿಗೆ ಪಟ್ಟಿ ಹಾಕಬೇಕಂತೆ. ಇದನ್ನೆಲ್ಲ ಸುನೀತಾ ಗಾಡಿ ನಿಲ್ಲಿಸಿ ಹೇಳಿ ಹೋಗಿದ್ದಾಳೆ.

ನಿಮಗೇನು ಆಸೆ ಎಂದರೆ ಸೈದಾಬಿ ಮೊದಲು ನಾಚುತ್ತಾರೆ. ಆಮೇಲೆ ಮ್ಯಾಟನ್ನು ಮೊಣಕಾಲಿನಿಂದ ಒತ್ತುತ್ತ, ಮುಖ ಎತ್ತದೆಯೇ ಹೇಳುತ್ತಾರೆ.

"ಆ ಕೂಸು ಒಂದಿನ ತಾನ ಬಾಗಲಾ ತಗದು ಇಳದು, ಮಳ್ಯಾಗ ಕೆಸರು ತುಳಕೋಂತ ಓಡ್ಯಾಡ್ಲಿ. ಹಂಗ ಕೆಸರಗಾಲಿಲೇ ಮತ್ತ ಗಾಡಿ ಹತ್ಲಿ. ಮ್ಯಾಟೆಲ್ಲಾ ಹೊಲಸ ಮಾಡ್ಲಿ. ನಾ ತೊಳೀತೇನಿ."