ಜೀಪಿನ ಮುಂದುಗಡೆಗೊಂದು ಹುಕ್

ಗೆಳೆಯರೇ, ಗುರುಗ್ರಾಮದ ಗ್ಯಾರೇಜೊಂದರಲ್ಲಿ ಇವತ್ತು ನನ್ನ ಜೀಪಿನ ಮುಂದುಗಡೆ ಟ್ರೇಲರ್ ಹುಕ್ ಹಾಕಿಸಿದೆ.

"ಹುಕ್ ಹಿಂದೆ ಹಾಕೋದು ಮೇಡಂ. ಮೊದಲು ಭಾಯಿಸಾಬ್ ಹತ್ರ ಒಮ್ಮೆ ಕೇಳಿ" ಎಂದ ಮೆಕ್ಯಾನಿಕ್. ಭಾಯಿಸಾಬ್ ಎಂದರೆ ನನ್ನ ಗಂಡ.

"ಜೀಪು ನನ್ನದು ಭಯ್ಯಾ. ಹಿಂದೆ ಇದ್ದೇ ಇದೆ, ಮುಂದೆಯೂ ಹಾಕು. ಬಂಪರಿಗಲ್ಲ, ಚಾಸಿಸ್‌ಗೇ ಬೋಲ್ಟ್ ಬಿಗಿ" ಎಂದೆ.

ನಮ್ಮ ಹೋಟೆಲಿನ ಇಡ್ಲಿ ಟ್ರೇಲರನ್ನು ಹಿತ್ತಲ ಓಣಿಗೆ ರಿವರ್ಸ್‌ನಲ್ಲಿ ಸೇರಿಸುವುದು ಈವರೆಗೆ ಗಂಡನ ಕೆಲಸ. ಪ್ರತಿ ಸಲ ಗೋಡೆಗೆ ಗುದ್ದುವುದೂ ಅವರದೇ. ಸಂಜೆ ನಾನು ಅದನ್ನು ಜೀಪಿನ ಮುಂದೆ ಸಿಕ್ಕಿಸಿ, ಕಣ್ಣೆದುರಿಗೇ ನೋಡಿಕೊಂಡು ತಳ್ಳಿ ಒಳಗೆ ನಿಲ್ಲಿಸಿದೆ. ಗೋಡೆಗೆ ಒಂದು ಗೀರೂ ಬೀಳಲಿಲ್ಲ.

"ನಾಳೆ ನಾನು ತಳ್ತೇನೆ ಮಾರಾಯ್ತಿ, ಕೀ ಕೊಡು" ಎಂದರು ಗಂಡ.

"ಅಚ್ಛಾ? ಮೊದಲು ಮೇಡಂ ಹತ್ರ ಒಮ್ಮೆ ಕೇಳಿ" ಎಂದೆ.