ಸೀರೆಯ ಮರೆಯಲ್ಲಿ ಕಂಡದ್ದು

ಮರೆಗೆಂದು ಹಿಡಿದಿದ್ದ, ಗಾಳಿಗೆ ಹಾರಿದ ಸೀರೆಯನ್ನು ಸರಿಪಡಿಸಲು ತಿರುಗಿದವಳು ಹಾಗೇ ನಿಂತುಬಿಟ್ಟೆ. ಗಂಗೆಯಲ್ಲಿ ಮಿಂದು ಬಂದು ಬಟ್ಟೆ ಬದಲಿಸುತ್ತಿದ್ದ, ಯಾತ್ರೆಗೆ ಬಂದಿದ್ದ ಶಾಂತಮ್ಮನವರ ಎಡಸ್ತನದ ಚರ್ಮ, ಒಳಗಿನಿಂದ ಯಾರೋ ಎಳೆದಂತೆ, ಒಂದು ಕಡೆ ಗುಳಿಬಿದ್ದಿತ್ತು.

ಎಪ್ಪತ್ತರ ದಶಕದಲ್ಲಿ ಕಾಶಿಯ ನಮ್ಮ ಮನೆಯಲ್ಲಿ ಕರ್ನಾಟಕದ ಯಾತ್ರಿಕರು ಇಳಿದುಕೊಳ್ಳುತ್ತಿದ್ದರು. ಅವರಿಗೆ ಪೂಜೆ ಮಾಡಿಸುವುದು ನಮ್ಮ ಯಜಮಾನರ ಕೆಲಸ. ಘಾಟಿನಲ್ಲಿ ಹೆಂಗಸರಿಗೆ ಸೀರೆಯ ಮರೆ ಹಿಡಿಯುವುದು ನನ್ನದು. ಹಿಡಿದವಳು ಮುಖ ಆಚೆ ತಿರುಗಿಸಿರಬೇಕೆಂಬುದು ಅತ್ತೆಯವರು ಕಲಿಸಿದ ರೀತಿ.

“ಗಂಟೈತವ್ವಾ. ನೋವೇ ಇಲ್ಲ, ಅದಕ್ಕೇ ಯಾರಿಗೂ ಹೇಳಿಲ್ಲ,” ಎಂದರು ಶಾಂತಮ್ಮ.

ಇಂಥದೇ ಗಂಟಿದ್ದು, ನೋವಿಲ್ಲವೆಂದೇ ಸುಮ್ಮನಿದ್ದ ನನ್ನ ಚಿಕ್ಕಮ್ಮನನ್ನು ನಾವು ಕಳೆದುಕೊಂಡಿದ್ದೆವು. ಗಯಾಕ್ಕೆ ಹೊರಡಲು ಗಂಟುಮೂಟೆ ಕಟ್ಟಿದ್ದರೂ ನಾನು ಬಿಡಲಿಲ್ಲ. “ಗಯಾ ಎಲ್ಲಿಗೂ ಓಡಿಹೋಗಲ್ಲ, ಮೊದಲು ಡಾಕ್ಟರ ಹತ್ರ ನಡೀರಿ,” ಎಂದು ರಿಕ್ಷಾ ಹತ್ತಿಸಿದೆ. ಅದು ಕ್ಯಾನ್ಸರೇ ಆಗಿತ್ತು. ಊರಿಗೆ ಮರಳಿ ಆಪರೇಷನ್ ಮಾಡಿಸಿಕೊಂಡರು.

ಕೆಲವು ವರ್ಷಗಳ ಮೇಲೆ, ಬಾಕಿಯಿದ್ದ ಗಯಾ ಯಾತ್ರೆಗೆಂದು ಶಾಂತಮ್ಮ ಮತ್ತೆ ಬಂದರು. ಮೈಕೈ ತುಂಬಿಕೊಂಡಿದ್ದರು. ಘಾಟಿನಲ್ಲಿ ನನ್ನ ಕೈಯಿಂದ ಸೀರೆ ಕಸಿದುಕೊಂಡು, ಜೊತೆಗೆ ಬಂದಿದ್ದ ತಂಗಿಯರಿಗೆ ತಾವೇ ಮರೆ ಹಿಡಿದರು. ಮುಖ ಮಾತ್ರ ಆಚೆ ತಿರುಗಿಸಲಿಲ್ಲ.