ಹದಿಮೂರನೆಯ ಸಾಲು

ಹೊರದೇಶಕ್ಕೆ ಸರಕು ಸಾಗಿಸುವ ಆ ಕಚೇರಿಯಲ್ಲಿ ಅವಳ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಕ್ಯಾಲೆಂಡರಕ್ಕ. ಮೇಜಿನ ಹಿಂದಿನ ಗೋಡೆಯಲ್ಲಿ ಹನ್ನೆರಡು ದೇಶಗಳ ರಜೆಗಳನ್ನು ಹನ್ನೆರಡು ಸಾಲಾಗಿ ಕೆಂಪು ಶಾಯಿಯಲ್ಲಿ ಗುರುತಿಸಿಟ್ಟಿದ್ದಳು. ಯಾವ ಬಂದರು ಯಾವತ್ತು ಮುಚ್ಚುತ್ತದೆ, ಎಲ್ಲಿಯವರು ರಜೆಯ ಹಿಂದಿನ ದಿನವೇ ಜಾಗ ಖಾಲಿ ಮಾಡುತ್ತಾರೆ, ಎಲ್ಲ ಅವಳಿಗೆ ಅಂಗೈ ನೆಲ್ಲಿಕಾಯಿ. ಇಲ್ಲಿಯ ರಜೆಗಳಂದೂ ಕಚೇರಿಗೆ ಹೋಗುತ್ತಿದ್ದಳು. ಎಲ್ಲೋ ಯಾರೋ ಕೆಲಸ ಮಾಡುತ್ತಿರುತ್ತಾರಲ್ಲ, ಫೋನ್ ಎತ್ತಬೇಡವೇ?

ಒಂದು ಸಲ ಬಂದ ಸರಕು ಮರದ ಆಟಿಕೆ ಮಾಡುವ ಅಜ್ಜನದು, ಹೊರದೇಶದಿಂದ ಅವನಿಗೆ ಬಂದ ಮೊದಲ ಆರ್ಡರು. ಗುರುವಾರ ಬೆಳಗಿನ ಹಡಗು ತಪ್ಪಿದರೆ, ಮುಂದಿನದು ತಲುಪುವ ಹೊತ್ತಿಗೆ ಆಚೆ ದೇಶದಲ್ಲಿ ಹತ್ತು ದಿನ ರಜೆ. ತಡವಾದರೆ ಸರಕೇ ಬೇಡ ಎಂದು ಅಲ್ಲಿಯ ಅಂಗಡಿಯವರು ಬರೆದಿದ್ದರು. ಇಲ್ಲಿಯ ಲಾರಿ, ಬಂದರಿನ ಗೇಟು ನೋಡಿಕೊಳ್ಳುವ ಪಕ್ಕದ ಮೇಜಿನವನು ಕಾಯಿಲೆ ಬಿದ್ದಿದ್ದರಿಂದ ಅಕ್ಕನೇ, "ಬುಧವಾರ ಕಳ್ಸಿ ಅಜ್ಜಾ, ಸಾಕು" ಎಂದಿದ್ದಳು.

ಮಂಗಳವಾರ ಬೆಳಿಗ್ಗೆ ಗಂಡ ಚಹಾ ಕೊಡುತ್ತಾ, "ನಾಳೆ ರಜಾ. ಎಲ್ಲಾದ್ರೂ ಹೋಗೋಣ್ವಾ?" ಎಂದ.

"ಯಾವ ದೇಶಕ್ಕೆ ರಜಾ?"

"ನಮ್ದೇ ದೇಶಕ್ಕೆ ಕಣೇ!"

ಅವಳು ಲೋಟ ಕೆಳಗಿಟ್ಟು ಎದ್ದು ನಿಂತಳು. ನಾಳೆ ಬಂದರಿನ ಗೇಟು ತೆರೆಯುವುದೇ ಇಲ್ಲ, ಅಜ್ಜನ ಸರಕು ಇವತ್ತೇ ಒಳಗೆ ಹೋಗಬೇಕು. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಗೋಡೆಯ ಹನ್ನೆರಡು ಸಾಲಿನಲ್ಲಿ ತನ್ನ ದೇಶವೇ ಇರಲಿಲ್ಲ.

ಫೋನ್ ಮಾಡಿದರೆ ಅಜ್ಜ, "ಅರ್ಧಾನೂ ಕಟ್ಟಿಲ್ಲ ತಾಯೀ, ನಾನೊಬ್ಬನೇ" ಎಂದ.

"ತಪ್ಪು ನಂದು ಅಜ್ಜಾ. ಬರ್ತಿದ್ದೀವಿ, ಇರಿ."

ಗಂಡ ಶಾಲಾ ಮೇಷ್ಟ್ರು. ಶಾಲೆಗೆ ರಜೆ ಹೇಳಿ ಚಪ್ಪಲಿ ಮೆಟ್ಟಿದ. ಮರದ ಹೊಟ್ಟಿನ ನಡುವೆ ಮೂವರೂ ಕೂತು ಬಾತುಕೋಳಿ, ಆನೆ, ರೈಲುಗಳಿಗೆ ಕಾಗದ ಸುತ್ತಿದರು. ಅಜ್ಜ ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು ಎನಿಸಿತು ಅವಳಿಗೆ. ಗೇಟು ಮುಚ್ಚಲು ಇಪ್ಪತ್ತು ನಿಮಿಷವಿದ್ದಾಗ ಲಾರಿ ಒಳಗೆ ಹೋಯಿತು.

"ಏನಕ್ಕಾ, ನಿಮಗೂ ಏದುಸಿರು ಬಿಡೋ ಕಾಲ ಬಂತಾ?" ಎಂದು ಗೇಟಿನ ಕಾವಲುಗಾರ ನಕ್ಕ. ಅಜ್ಜನೂ ಆಗ ನಕ್ಕ. ಅವಳಿಗೆ ಹೋದ ಜೀವ ಬಂದಂತಾಯಿತು. ನೇರ ಕಚೇರಿಗೆ ಹೋಗಿ ಗೋಡೆಯಲ್ಲಿ ಹದಿಮೂರನೆಯ ಸಾಲು ಎಳೆದು, ನಾಳೆಯ ತಾರೀಖಿಗೆ ಕೆಂಪು ಹಚ್ಚಿ ಮನೆಗೆ ಬಂದಳು.

ಬುಧವಾರ ಅವಳು ಎದ್ದಾಗ ಒಂಬತ್ತು ಗಂಟೆ.

"ಎಲ್ಲಿಗೆ ಹೋಗೋಣ?" ಎಂದ ಗಂಡ.

"ಎಲ್ಲಿಗೂ ಬೇಡ ರೀ. ಇಪ್ಪತ್ತೆರಡು ವರ್ಷದಿಂದ ರಜಾ ದಿನ ಮನೇಲಿ ಒಬ್ರೇ ಏನ್ಮಾಡ್ತಿದ್ರಿ ಅಂತ ನೋಡ್ಬೇಕು."

"ಮಾಡೋದೇನು, ನೀನು ಬರೋದನ್ನ ಕಾಯ್ತಿದ್ದೆ" ಎಂದು ಅವನು ಎರಡನೆಯ ಲೋಟಕ್ಕೆ ಚಹಾ ಬಗ್ಗಿಸಿದ.